ಪ್ಲೈವುಡ್ ಗೋಡೆಯ ಮೇಲಿನ ಸಫೋಕ್

ನನಗೆ ಕನ್ನಡ ಬಂದದ್ದು ಜಗಳದಿಂದ. ಮನೆಮಾತು ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಅಂಗಡಿಗೆ ಹೋದರೆ ಮಲಯಾಳ ಇಲ್ಲವೇ ಹಿಂದಿ. ದೋಹಾದ ಬಿನ್ ಒಮ್ರಾನ್‌ನಲ್ಲಿ ಒಂದು ಹಳೆಯ ವಿಲ್ಲಾವನ್ನು ಅದರ ಮಾಲೀಕ ಪ್ಲೈವುಡ್ ಹೊಡೆಸಿ ನಾಲ್ಕು ಮನೆ ಮಾಡಿದ್ದ. ಅತಿಥಿಗಳನ್ನು ಕೂರಿಸಲೆಂದು ಕಟ್ಟಿದ್ದ ದೊಡ್ಡ ಮಜ್ಲಿಸ್ ಕೋಣೆಯ ಅರ್ಧ ನಮ್ಮ ಹಾಲ್, ಇನ್ನರ್ಧ ಪಕ್ಕದ ಫಿಲು ಆಂಟಿಯ ಮಲಗುವ ಕೋಣೆ. ಆಂಟಿ ಗೋವಾದವಳು. ನಮ್ಮ ಕೊಂಕಣಿ ಅವಳಿಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತು, ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಹಾಗಾಗಿ ಪಪ್ಪ ಮಮ್ಮಿ ಪ್ರಾರ್ಥನೆಯನ್ನು ಕೊಂಕಣಿಯಲ್ಲಿ ಮಾಡುತ್ತಿದ್ದರು, ಜಗಳವನ್ನು ಕನ್ನಡದಲ್ಲಿ. ಮಮ್ಮಿ ಮದುವೆಗೆ ಮುಂಚೆ ಉಡುಪಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಎರಡು ವರ್ಷ ಟೀಚರ್ ಆಗಿದ್ದವಳು. ಸಿಟ್ಟು ಎಷ್ಟೇ ನೆತ್ತಿಗೇರಿದರೂ ಅವಳ ವಾಕ್ಯ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ನಾನು ಮೂಲೆಯಲ್ಲಿ ಹೋಮ್‌ವರ್ಕ್ ಮಾಡುವವಳ ಹಾಗೆ ಕೂತು ಎಲ್ಲವನ್ನೂ ಕಲಿತೆ. ಅಕ್ಷರವನ್ನು ಆಮೇಲೆ ಅವಳೇ ಸ್ಕೇಲ್ ಹಿಡಿದು ಕಲಿಸಿದಳು. ನನ್ನ ಬರವಣಿಗೆಯಲ್ಲಿ ಯಾವಾಗಲೂ ಒಂದು ಜಗಳಗಂಟಿತನ ಇದೆಯೆಂದು ಸ್ನೇಹಿತರು ದೂರುತ್ತಾರೆ. ಇದೆ. ಈ ಭಾಷೆ ನನಗೆ ಸಿಕ್ಕಿದ್ದೇ ಹಾಗೆ.

ಜಗಳದ ಕಾರಣ ಹೆಚ್ಚುಕಡಿಮೆ ಒಂದೇ: ಸಫೋಕ್. ಅದು ಇಂಗ್ಲೆಂಡಿನ ಪೂರ್ವ ಕರಾವಳಿಯ ಒಂದು ಕೌಂಟಿ, ನಮ್ಮಲ್ಲಿ ಜಿಲ್ಲೆ ಇದ್ದ ಹಾಗೆ. ನಾನು ಅಲ್ಲಿಗೆ ಹೋದವಳಲ್ಲ, ಹೋಗುವ ಮನಸ್ಸೂ ಇಲ್ಲ. ಆದರೆ ನನ್ನ ಬಾಲ್ಯವನ್ನು ನುಂಗಿದ ಊರು ಯಾವುದೆಂದು ಯಾರಾದರೂ ಕೇಳಿದರೆ ದೋಹಾ ಅನ್ನುವುದಿಲ್ಲ, ಉಡುಪಿ ಅನ್ನುವುದಿಲ್ಲ, ಸಫೋಕ್ ಅನ್ನುತ್ತೇನೆ. ಪಪ್ಪ ಗ್ರೆಗರಿ ಒಂದು ಇಂಗ್ಲಿಷ್ ಸರ್ವೇ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದ. ಅವನ ಮೇಲಿನ ಸಾಹೇಬ ಹಾಲ್ಡನ್ ಎಂಬವನು. ಅವನಿಗೆ ತನ್ನ ಕೌಂಟಿಯ ಹಳೆಯ ಚಿತ್ರಗಳನ್ನು ಕೂಡಿಹಾಕುವ ಹುಚ್ಚು. ಅಜ್ಜ ಮುತ್ತಜ್ಜರ ಕಾಲದ ಪೋಸ್ಟ್ ಕಾರ್ಡು, ಗಾಜಿನ ನೆಗೆಟಿವ್‌ನಿಂದ ಮುದ್ರಿಸಿದ ಫೋಟೋ, ಸಂತೆ, ಬೀಸುವ ಗಿರಣಿ, ಚರ್ಚು, ಮೀನಿನ ದೋಣಿಗಳು ನಿಲ್ಲುವ ದಕ್ಕೆ. ಇವುಗಳಿಂದ ತನ್ನ ಕೌಂಟಿಯ ಇತಿಹಾಸ ಹೇಳುವ ಒಂದು ಪುಸ್ತಕ ಮಾಡುವುದು ಅವನ ಆಸೆ. ಪ್ರತಿ ಚಿತ್ರದ ಹಿಂದೆ ಒಂದು ನಂಬರು, ಕಾಗೆ ಕಾಲಿನಂಥ ಅಕ್ಷರದಲ್ಲಿ ಎರಡು ಸಾಲು ಟಿಪ್ಪಣಿ. ಅದನ್ನು ಬಿಡಿಸಿ, ತಿದ್ದಿ, ಚಂದದ ಅಡಿಬರಹವಾಗಿ ಟೈಪ್ ಮಾಡಿಕೊಡಬೇಕು. ಆಫೀಸಿನ ಕೆಲಸವಲ್ಲವಾದ್ದರಿಂದ ಆಫೀಸಿನ ಹೊತ್ತಿನಲ್ಲಿ ಮಾಡುವ ಹಾಗಿಲ್ಲ. ಪಪ್ಪ ಹಳೆಯದೊಂದು ಟೈಪ್‌ರೈಟರನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದ.

ಅದು ಕೂತದ್ದು ನಮ್ಮ ಊಟದ ಮೇಜಿನ ಮೇಲೆ. ಮೇಜಿನ ಉಳಿದ ಜಾಗವನ್ನು ಸಫೋಕ್ ಆಕ್ರಮಿಸಿತು. ಸಾಲುಸಾಲಾಗಿ ಹರಡಿದ ಚಿತ್ರಗಳ ಮೇಲೆ ಒಂದು ಹನಿ ಸಾರು ಬೀಳಬಾರದು. ಹಾಗಾಗಿ ನಾವು ನೆಲದ ಮೇಲೆ ಸುಫ್ರಾ ಎಂಬ ತೆಳು ಪ್ಲಾಸ್ಟಿಕ್ ಹಾಸಿ ಉಣ್ಣತೊಡಗಿದೆವು. ಇಲ್ಲಿನವರು ನೆಲದಲ್ಲಿ ಉಣ್ಣುವುದು ಅವರ ಪದ್ಧತಿ, ಅದಕ್ಕೊಂದು ಗತ್ತಿದೆ. ನಾವು ಉಣ್ಣುತ್ತಿದ್ದದ್ದು ಸ್ವಂತ ಮೇಜಿನಿಂದ ಹೊರಹಾಕಿಸಿಕೊಂಡು. ಮಮ್ಮಿ ಬಡಿಸುವಾಗ ಸೌಟನ್ನು ಪಾತ್ರೆಗೆ ಕುಟ್ಟುವ ಸದ್ದಿನಿಂದಲೇ ಇವತ್ತು ಕನ್ನಡ ಶುರುವಾಗುತ್ತದೆಂದು ನನಗೆ ಗೊತ್ತಾಗುತ್ತಿತ್ತು.

"ಟೇಬಲ್ ತಂದದ್ದು ಅನ್ನ ಉಣ್ಲಿಕ್ಕೋ, ಅವರ ಅಜ್ಜಿಯಂದಿರನ್ನು ಮಲಗಿಸ್ಲಿಕ್ಕೋ?"

"ಸ್ವಲ್ಪ ದಿವಸ ಮಾರಾಯ್ತಿ. ಪುಸ್ತಕ ಆಗ್ಲಿ. ಅದ್ರಲ್ಲಿ ನನ್ನ ಹೆಸರು ಬರ್ತದೆ."

"ಅವ್ರು ಹೇಳಿದ್ರಾ?"

"ಹೇಳ್ಬೇಕಾ ಅದನ್ನು? ಸೆವ್ರಿನ್, ಮಾಡಿದವ್ರ ಹೆಸರು ಮರೆಯುವ ಜನ ಅಲ್ಲ ಅವ್ರು."

"ನೀವು ನೋಡ್ತಾ ಇರಿ. ಬರುದಿಲ್ಲ."

ಹೀಗೆ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಹೆಸರು ಬರುತ್ತದೆ ಎನ್ನುವ ಪಪ್ಪ, ಬರುವುದಿಲ್ಲ ಎನ್ನುವ ಮಮ್ಮಿ. ನಾನು ಒಬ್ಬಳೇ ಮಗಳು. ಎರಡೂ ಕಡೆಯವರು ನನ್ನ ಮುಖ ನೋಡುತ್ತಿದ್ದರು. ನನಗೆ ಇಬ್ಬರ ಮೇಲೂ ಸಿಟ್ಟಿತ್ತು, ಹಾಲ್ಡನ್ ಮೇಲಂತೂ ಕೊಲ್ಲುವಷ್ಟು. ಪಪ್ಪನಿಗೆ ರಜೆಯೆಂದು ಇದ್ದದ್ದು ವಾರಕ್ಕೆ ಒಂದು ಶುಕ್ರವಾರ. ಬೆಳಗ್ಗೆ ಪಾದ್ರಿಗಳ ಬಲಿಪೂಜೆಗೆ ಹೋಗಿ ಬಂದವನು ಅಂಗಿ ಕೂಡ ಬದಲಿಸದೆ ಮೇಜಿಗೆ ಕೂರುತ್ತಿದ್ದ. ಬೇರೆ ಮಕ್ಕಳ ಅಪ್ಪಂದಿರು ಅವರನ್ನು ಸಮುದ್ರದಂಡೆಗೆ ಕರೆದುಕೊಂಡು ಹೋದರೆ, ನನ್ನ ಅಪ್ಪ ನನಗೆ ಲೋವ್‌ಸ್ಟಾಫ್ಟ್ ಎಂಬ ಊರಿನ ದಕ್ಕೆಯ ಚಿತ್ರ ತೋರಿಸುತ್ತಿದ್ದ. ಅದರಲ್ಲಿ ಎಣ್ಣೆಬಟ್ಟೆಯ ಏಪ್ರನ್ ಕಟ್ಟಿದ ಹೆಂಗಸರು ಹೆರಿಂಗ್ ಮೀನಿನ ಹೊಟ್ಟೆ ಸೀಳಲು ಸಾಲಾಗಿ ನಿಂತಿದ್ದರು. ಚೂರಿ ತಾಗದಿರಲೆಂದು ಬೆರಳಿಗೆ ಚಿಂದಿ ಸುತ್ತಿಕೊಂಡಿದ್ದರು. ಮಮ್ಮಿ ಅದನ್ನು ಒಮ್ಮೆ ಮಾತ್ರ ಬಗ್ಗಿ ನೋಡಿ, "ನನ್ನ ಅಜ್ಜಿ ಬೂತಾಯಿ ಮೀನಿನ ಬುಟ್ಟಿ ತಲೆ ಮೇಲೆ ಹೊತ್ತು ಊರೂರು ತಿರುಗಿದ್ಳು. ಅವಳದ್ದು ಒಂದು ಫೋಟೋ ತೆಗೀಲಿಕ್ಕೆ ಯಾವ ನಾಯಿಯೂ ಬರ್ಲಿಲ್ಲ," ಎಂದು ಒಳಗೆ ಹೋದಳು.

ಸಂಜೆ ಜಪಸರ ಮುಗಿದ ಮೇಲೆ ನನಗೆ ಪರೀಕ್ಷೆ. ಮೊಣಕಾಲಿನಿಂದ ಏಳುವ ಮೊದಲೇ ಪಪ್ಪ ಕೇಳುತ್ತಿದ್ದ: ಇಪ್ಪತ್ತೇಳು? ನಾನು ಹೇಳಬೇಕು: ಉಣ್ಣೆ ವ್ಯಾಪಾರಿಗಳ ಕಾಲದ ಮರದ ಮನೆಗಳು, ಒಂದಕ್ಕೊಂದು ವಾಲಿಕೊಂಡಿರುವುದು. ನಲವತ್ತು? ಡನ್‌ವಿಚ್‌ನ ಚರ್ಚು, ದಂಡೆ ಕುಸಿದು ಒಂದೊಂದೇ ಗೋಡೆ ಸಮುದ್ರಕ್ಕೆ ಬೀಳುತ್ತಿರುವುದು. ನಲವತ್ತನೆಯದು ಮಾತ್ರ ನನಗೆ ಇಷ್ಟವಾಗಿತ್ತು. ಆ ಕೌಂಟಿ ಪೂರ್ತಿ ಹಾಗೇ ಸಮುದ್ರಕ್ಕೆ ಜಾರಲಿ ಎಂದು ಮರಿಯಮ್ಮನಲ್ಲಿ ಬೇಡಿಕೊಂಡದ್ದೂ ಉಂಟು. ಶಾಲೆಯಲ್ಲಿ 'ನನ್ನ ಊರು' ಎಂಬ ಪ್ರಬಂಧ ಬರೆಯಲು ಹೇಳಿದಾಗ ನಾನು ಉರುಟು ಗೋಪುರದ ಕಲ್ಲಿನ ಚರ್ಚು, ದಪ್ಪ ಕಾಲಿನ ಕೆಂಗುದುರೆಗಳು ಉಳುವ ಗದ್ದೆ ಎಂದು ಎರಡು ಪುಟ ಬರೆದೆ. ಟೀಚರ್ ಅದನ್ನು ತರಗತಿಯೆದುರು ಓದಿ, ಉಡುಪಿಯಲ್ಲಿ ಇದೆಲ್ಲ ಎಲ್ಲಿದೆ ಎಂದು ಕೇಳಿದರು. ಇಡೀ ತರಗತಿ ನಕ್ಕಿತು. ನನ್ನ ಅಜ್ಜಿಯ ಮನೆಯ ಅಂಗಳಕ್ಕೆ ಯಾವ ಕಡೆಯಿಂದ ಬಿಸಿಲು ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ. ಯಾರದ್ದೋ ಮುತ್ತಜ್ಜನ ಕುದುರೆಯ ಬಣ್ಣ ಗೊತ್ತಿತ್ತು. ಅವತ್ತಿನ ಅವಮಾನವನ್ನು ನಾನು ಯಾರಿಗೂ ಕ್ಷಮಿಸಿಲ್ಲ.

ಇನ್ನು ಅರವತ್ತೊಂದನೆಯ ಚಿತ್ರದ ಕಥೆ. ನಮ್ಮ ಕಡೆಯ ಕ್ರೈಸ್ತರಿಗೆ ಸೆಪ್ಟೆಂಬರ್ ಎಂಟು ಮೊಂತಿ ಹಬ್ಬ, ಮರಿಯಮ್ಮ ಹುಟ್ಟಿದ ದಿನ. ಬಿಳಿ ಫ್ರಾಕಿನ ಹುಡುಗಿಯರು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ಪಾದ್ರಿಗಳು ಗದ್ದೆಯ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಆ ತೆನೆಯ ಭತ್ತ ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕೂತು ಕುಡಿಯಬೇಕು. ಒಬ್ಬರೂ ತಪ್ಪಬಾರದು. ಅವತ್ತು ಮೀನು ಮಾಂಸ ಇಲ್ಲ. ನಮ್ಮ ಮನೆಯಲ್ಲಿ ಹಬ್ಬ ಎಂಟನೇ ತಾರೀಕಿಗೆ ಆಗುತ್ತಿರಲಿಲ್ಲ. ಊರಿನಿಂದ ರಜೆ ಮುಗಿಸಿ ಬರುವ ಯಾರದ್ದೋ ಬ್ಯಾಗಿನಲ್ಲಿ, ಪ್ರಾರ್ಥನೆ ಪುಸ್ತಕದ ಹಾಳೆಗಳ ನಡುವೆ ಒಣಗಿಕೊಂಡು ತೆನೆ ಯಾವತ್ತು ಬರುತ್ತದೋ ಅವತ್ತೇ ಹಬ್ಬ. ಆ ವರ್ಷ ತೆನೆ ಬಂದ ಸಂಜೆ ಮಮ್ಮಿ ಹಾಲು ಬಿಸಿ ಮಾಡಿ, ಮೂರು ಲೋಟ ಸುಫ್ರಾ ಮೇಲಿಟ್ಟು ಕಾಯುತ್ತಿದ್ದಳು. ಪಪ್ಪ ಮೇಜು ಬಿಟ್ಟು ಏಳಲಿಲ್ಲ. ಅರವತ್ತೊಂದನೆಯ ಚಿತ್ರದ ಹಿಂದೆ ಹಾಲ್ಡನ್ ಒಂದು ಹಳ್ಳಿಯ ಹೆಸರು ಬರೆದು ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಹಾಕಿದ್ದ. ಚಿತ್ರ ಏನೆಂದು ಅವನಿಗೂ ಗೊತ್ತಿರಲಿಲ್ಲ. ಪಪ್ಪ ಎರಡು ವಾರದಿಂದ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ.

"ಹಾಲು ಆರ್ತದೆ," ಎಂದಳು ಮಮ್ಮಿ, ಕನ್ನಡದಲ್ಲಿ.

"ಒಂದು ನಿಮಿಷ. ಇದು ಎಂತ ಅಂತ್ಲೇ ಗೊತ್ತಾಗುದಿಲ್ಲ."

ಅವಳು ಎದ್ದು ಹೋಗಿ ಅವನ ಕೈಯಿಂದ ಚಿತ್ರವನ್ನು ಕಿತ್ತುಕೊಂಡಳು. ಉರುಟು ಗೋಪುರದ ಚರ್ಚಿನ ಮುಂದೆ ಹತ್ತು ಹನ್ನೆರಡು ಹುಡುಗಿಯರು. ಬಿಳಿ ಫ್ರಾಕು. ಕೆಲವರ ಕೈಯಲ್ಲಿ ಹೂವಿನ ಬುಟ್ಟಿ, ಕೆಲವರ ಕೈಯಲ್ಲಿ ಗೋಧಿಯ ತೆನೆ.

"ಕಣ್ಣು ಕಾಣುದಿಲ್ವಾ ನಿಮ್ಗೆ? ಹೆಣ್ಣುಮಕ್ಕಳು, ಹೂ, ಹೊಸ ತೆನೆ, ಇಗರ್ಜಿ. ಮೊಂತಿ ಹಬ್ಬ ಅಲ್ದೆ ಮತ್ತೆಂತ ಇದು? ಇದ್ಕೆ ಎರಡು ವಾರ ಬೇಕಾ? ಬರೀರಿ ಈಗ: ಮರಿಯಮ್ಮನ ಹುಟ್ಟುಹಬ್ಬಕ್ಕೆ ಮಕ್ಕಳು ಹೂವಿನೊಟ್ಟಿಗೆ ಹೊಸ ತೆನೆ ಆಶೀರ್ವಾದಕ್ಕೆ ತರುದು. ಬರೆದು ಏಳಿ."

ಪಪ್ಪ ಬಾಯಿ ತೆರೆದು ಅವಳನ್ನೇ ನೋಡಿದ. ಆಮೇಲೆ ನಗತೊಡಗಿದ.

"ಹೌದಲ್ವಾ! ಅವ್ರಲ್ಲೂ ಉಂಟಾ ಹಾಗಾದ್ರೆ ನಮ್ಮ ಹಬ್ಬ!"

ಅವಳು ಹೇಳಿದ್ದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡಿದ. ತಾರೀಕನ್ನೂ ಸೇರಿಸಿದ. ಅವರು ಬೇರೆ ಪಂಗಡದ ಕ್ರೈಸ್ತರು, ಅವರ ಹಳ್ಳಿಯಲ್ಲಿ ಮೊಂತಿ ಹಬ್ಬ ಇರಲಾರದು, ಅದು ಸುಮ್ಮನೆ ಕೊಯ್ಲಿನ ಕಾಲದ ಯಾವುದೋ ಶಾಲೆಯ ಮಕ್ಕಳ ಚಿತ್ರವಿರಬಹುದು ಎಂಬ ಅನುಮಾನ ಇಬ್ಬರಿಗೂ ಬರಲಿಲ್ಲ. ಚರ್ಚು, ತೆನೆ, ಹೂ ಒಟ್ಟಿಗೆ ಕಂಡರೆ ನಮ್ಮ ಜನಕ್ಕೆ ಬೇರೆ ಅರ್ಥವೇ ಹೊಳೆಯುವುದಿಲ್ಲ. ಪಪ್ಪ ನಗುತ್ತಲೇ ಬಂದು ಹಾಲು ಕುಡಿದ. ಅಷ್ಟು ವರ್ಷಗಳಲ್ಲಿ ಸಫೋಕ್ ನಮ್ಮ ಮನೆಯಲ್ಲಿ ನಗು ತರಿಸಿದ್ದು ಅದೊಂದೇ ಸಲ. ಮಮ್ಮಿ ಆಗಲೂ ನಗಲಿಲ್ಲ.

ಹಾಲ್ಡನ್ ಕೆಲಸ ಮುಗಿಸಿ ಊರಿಗೆ ಹೊರಟಾಗ ಟೈಪ್ ಮಾಡಿದ ಕಾಗದಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಂಡ. ಪಪ್ಪನಿಗೆ ನೆನಪಿಗೆಂದು ಹನ್ನೆರಡು ಚಿತ್ರಗಳ ಪ್ರತಿಗೆ ಚೌಕಟ್ಟು ಹಾಕಿಸಿ ಕೊಟ್ಟ. ಅರವತ್ತೊಂದೂ ಅದರಲ್ಲಿತ್ತು. ಪಪ್ಪ ಹನ್ನೆರಡನ್ನೂ ಹಾಲಿನ ಪ್ಲೈವುಡ್ ಗೋಡೆಗೆ ಹೊಡೆದ. ಹೊಡೆದ ಮೊಳೆಗಳಲ್ಲಿ ಮೂರು ಆಚೆ ಬದಿಗೆ ತೂರಿ ಫಿಲು ಆಂಟಿಯ ಮಂಚದ ಮೇಲ್ಗಡೆ ಹೊರಬಂದವು. ಅವಳು ಒಳ್ಳೆಯವಳು, ಬೈಯಲಿಲ್ಲ. ಒಂದಕ್ಕೆ ಜಪಸರ, ಇನ್ನೆರಡಕ್ಕೆ ಟವೆಲು ನೇತುಹಾಕಿದಳು. ಈಚೆ ಬದಿಯಲ್ಲಿ ಮಮ್ಮಿಯ ಅಪ್ಪ ಅಮ್ಮನ ಮದುವೆಯ ಫೋಟೋಕ್ಕೆ ಜಾಗ ಸಾಲದೆ ಅದು ಮಲಗುವ ಕೋಣೆಯ ಬಾಗಿಲ ಹಿಂದಕ್ಕೆ ಹೋಯಿತು. ಬಾಗಿಲು ತೆರೆದರೆ ಅವರಿಬ್ಬರು ಕಾಣುತ್ತಿರಲಿಲ್ಲ. ನಾನು ಒಂದು ಮಧ್ಯಾಹ್ನ ಹನ್ನೆರಡು ಚಿತ್ರಗಳನ್ನೂ ತಿರುವಿ ಗೋಡೆಯ ಕಡೆ ಮುಖ ಮಾಡಿಸಿಟ್ಟೆ. ಪಪ್ಪ ನನಗೆ ಹೊಡೆದದ್ದು ಜೀವನದಲ್ಲಿ ಆ ಒಂದೇ ದಿನ.

ಆಮೇಲೆ ಕಾಯುವುದು ಶುರುವಾಯಿತು. ಬಲಿಪೂಜೆ ಮುಗಿದು ಹೊರಬರುವಾಗ ಸಿಕ್ಕಿದವರಿಗೆಲ್ಲ ಪಪ್ಪ ಹೇಳುತ್ತಿದ್ದ: ಲಂಡನ್ನಿನಲ್ಲಿ ಅಚ್ಚಾಗುತ್ತಾ ಉಂಟು, ನನ್ನ ಹೆಸರು ಉಂಟು. ಮಮ್ಮಿ ನೆಲ ನೋಡುತ್ತಿದ್ದಳು. ಎರಡು ವರ್ಷದ ಮೇಲೆ, ನನಗೆ ಹದಿಮೂರಾಗಿದ್ದಾಗ, ಕಂಪನಿಯ ಪೋಸ್ಟ್ ಬಾಕ್ಸಿಗೆ ಪಾರ್ಸೆಲ್ ಬಂತು. ಪಪ್ಪ ಅದನ್ನು ಆಫೀಸಿನಲ್ಲಿ ಒಡೆಯಲಿಲ್ಲ. ಮನೆಗೆ ತಂದು, ಫಿಲು ಆಂಟಿಯನ್ನೂ ಅವಳ ಗಂಡನನ್ನೂ ಕರೆದು ಕೂರಿಸಿದ. ನನ್ನ ಉಚ್ಚಾರ ಚೆನ್ನಾಗಿದೆಯೆಂದು ಕೃತಜ್ಞತೆಯ ಪುಟವನ್ನು ಗಟ್ಟಿಯಾಗಿ ಓದಲು ನನ್ನ ಕೈಗೆ ಕೊಟ್ಟ. ನಾನು ಓದಿದೆ. ಚಿತ್ರ ಕೊಟ್ಟ ಮನೆತನಗಳು, ಒಬ್ಬ ಪಾದ್ರಿ, ಒಬ್ಬ ಗ್ರಂಥಪಾಲಕಿ, ಹಾಲ್ಡನ್‌ನ ಹೆಂಡತಿ. ಕೊನೆಯಲ್ಲಿ, ಬರೆಯುವ ಹೊತ್ತಿನಲ್ಲಿ ತಾಳ್ಮೆಯಿಂದ ಕಾಲಡಿ ಮಲಗಿದ್ದ ಅವನ ನಾಯಿ. ಅಲ್ಲಿಗೆ ಪುಟ ಮುಗಿಯಿತು.

"ಇನ್ನೊಮ್ಮೆ ಓದು ಪ್ರೆಸ್ಸಿ," ಎಂದ ಪಪ್ಪ. "ನೀನು ಬೇಗ ಬೇಗ ಓದಿದಿ."

ನಾನು ನಿಧಾನವಾಗಿ ಇನ್ನೊಮ್ಮೆ ಓದಿದೆ. ಆ ನಾಯಿಯ ಹೆಸರನ್ನು ನಮ್ಮ ಹಾಲಿನಲ್ಲಿ, ನನ್ನ ಅಪ್ಪನೆದುರು, ಎರಡು ಸಲ ಓದಿದೆ. ಎಲ್ಲರೂ ಮಮ್ಮಿಯ ಕಡೆ ನೋಡಿದರು. ಎಷ್ಟೋ ವರ್ಷದಿಂದ ಅವಳು ಹೇಳುತ್ತ ಬಂದದ್ದು ನಿಜವಾಗಿತ್ತು, ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳು ಫಿಲು ಆಂಟಿಗೆ ಕೊಂಕಣಿಯಲ್ಲಿ, ಚಹಾ ಆರುತ್ತದೆ ಕುಡಿಯಿರಿ, ಎಂದಳು. ಅವರು ಹೋದ ಮೇಲೂ, ಅವತ್ತು ಇಡೀ ದಿನ, ನಮ್ಮ ಮನೆಯಲ್ಲಿ ಒಂದು ಶಬ್ದ ಕನ್ನಡ ಕೇಳಿಸಲಿಲ್ಲ. ಜಗಳವಿಲ್ಲದ ಆ ಸಂಜೆಯಷ್ಟು ಹೆದರಿಕೆ ನನಗೆ ಯಾವ ಜಗಳದಲ್ಲೂ ಆಗಿರಲಿಲ್ಲ. ನಾನು ಕುರ್ಚಿ ಹತ್ತಿ ಮೊದಲ ಚೌಕಟ್ಟಿಗೆ ಕೈಹಾಕಿದೆ. ಪಪ್ಪ ಕೂತಲ್ಲಿಂದಲೇ ಕೊಂಕಣಿಯಲ್ಲಿ ಕೇಳಿದ.

"ಆ ಫೋಟೋದವರು ಎಂತ ಮಾಡಿದ್ದಾರೆ ನಿನ್ಗೆ?"

ನಾನು ಕೆಳಗಿಳಿದೆ. ಪುಸ್ತಕ ಕಪಾಟಿನ ಮೇಲಕ್ಕೆ ಹೋಯಿತು, ಯಾರೂ ಬಿಡಿಸಲಿಲ್ಲ. ಚಿತ್ರಗಳು ಮಾತ್ರ ನಾವು ಆ ವಿಲ್ಲಾ ಬಿಡುವ ತನಕ ಗೋಡೆಯ ಮೇಲೇ ಇದ್ದವು.

ಪಪ್ಪ ಈಗಿಲ್ಲ. ನಾನು ಐವತ್ತು ದಾಟಿದವಳು, ದೋಹಾದಲ್ಲೇ ಒಂದು ಆಫೀಸಿನಲ್ಲಿದ್ದೇನೆ, ನಜ್ಮಾದಲ್ಲಿ ಮನೆ. ಮಮ್ಮಿ ನನ್ನ ವೀಸಾದ ಮೇಲೆ ನನ್ನ ಜೊತೆಗಿದ್ದಾಳೆ. ಅವಳ ಪ್ರಕಾರ ನಾನು ಅವಳ ಜೊತೆಗಿದ್ದೇನೆ. ನಾವು ಮಾತಾಡುವುದು ಕೊಂಕಣಿ. ಗಂಡನ ಜೊತೆಯ ಜಗಳ ಮುಗಿದ ಮೇಲೆ ಅವಳು ಕನ್ನಡವನ್ನು ಕಪಾಟಿಗೆ ಸೇರಿಸಿಬಿಟ್ಟಿದ್ದಾಳೆ. ಹನ್ನೆರಡು ಚೌಕಟ್ಟುಗಳನ್ನು ಬಿಸಾಡಲು ನಾನು ಎಷ್ಟು ಸಲ ಹೊರಟರೂ ಅವಳು ಬಿಡಲಿಲ್ಲ. ಇರಲಿ, ಸಿಟ್ಟು ಬಂದಾಗ ನೋಡಲಿಕ್ಕೆ ಒಂದು ಬೇಕಲ್ಲ, ಎನ್ನುತ್ತಾಳೆ. ಈ ಸೆಪ್ಟೆಂಬರಿನಲ್ಲಿ ಊರಿನಿಂದ ತೆನೆ ಬಂದ ಸಂಜೆ, ನಾವಿಬ್ಬರೇ ಕೂತು ಹಾಲು ಕುಡಿದ ಮೇಲೆ, ಅವಳು ಮಂಚದ ಕೆಳಗಿನ ಪೆಟ್ಟಿಗೆಯಿಂದ ಅರವತ್ತೊಂದನ್ನು ತೆಗೆಸಿದಳು. ಹಿಂದೆ ಬರೆದ ಹಳ್ಳಿ ಯಾವುದು, ಈಗಲೂ ಉಂಟಾ ನೋಡು ಎಂದಳು. ನಾನು ಬೇಸರದಿಂದಲೇ ಲ್ಯಾಪ್‌ಟಾಪ್ ತೆರೆದೆ.

ಸಿಕ್ಕಿದ್ದು ಆ ಕಡೆಯ ಹಳೆಯ ಚಿತ್ರಗಳನ್ನು ಕೂಡಿಸಿಟ್ಟ ಯಾವುದೋ ಸಂಘದ ಜಾಲತಾಣ. ಅರವತ್ತೊಂದು ಅಲ್ಲಿತ್ತು. ಅದೇ ಚರ್ಚು, ಅದೇ ಹುಡುಗಿಯರು. ಕೆಳಗೆ ಅಡಿಬರಹ, ಪಪ್ಪ ಟೈಪ್ ಮಾಡಿದ್ದು, ಅಲ್ಪವಿರಾಮ ಕೂಡ ಬದಲಾಗದೆ: ಮರಿಯಮ್ಮನ ಹುಟ್ಟುಹಬ್ಬದಂದು ಮಕ್ಕಳು ಹೂವಿನೊಂದಿಗೆ ಹೊಸ ತೆನೆಯನ್ನು ಆಶೀರ್ವಾದಕ್ಕೆ ತರುತ್ತಿರುವುದು, ಸೆಪ್ಟೆಂಬರ್ ಎಂಟು. ಚಿತ್ರ ಸಂಗ್ರಹ ಮತ್ತು ಟಿಪ್ಪಣಿ: ಹಾಲ್ಡನ್. ಅದರ ಕೆಳಗೆ ಇನ್ನೊಂದು ಚಿತ್ರ, ಬಣ್ಣದ್ದು, ಹೊಸದು. ಅದೇ ಚರ್ಚಿನ ಮುಂದೆ ಈಗಿನ ಮಕ್ಕಳು, ರಬ್ಬರ್ ಬೂಟು ತೊಟ್ಟು, ಕೈಯಲ್ಲಿ ಹೂವು, ಗೋಧಿ ತೆನೆ. ಇಡೀ ಕೌಂಟಿಯಲ್ಲಿ ನಮ್ಮ ಹಳ್ಳಿಯೊಂದರಲ್ಲೇ ಇದ್ದು ಮರೆತುಹೋಗಿದ್ದ ಈ ಪ್ರಾಚೀನ ಪದ್ಧತಿಯನ್ನು ಹಳೆಯ ಚಿತ್ರದ ಆಧಾರದಿಂದ ಮತ್ತೆ ಶುರುಮಾಡಿದ್ದೇವೆ ಎಂದು ಬರೆದಿತ್ತು.

ನಾನು ನಕ್ಕೆ, ಆಮೇಲೆ ಮೈ ಉರಿಯಿತು. ಮಮ್ಮಿಗೆ ಎಲ್ಲ ಓದಿ ಹೇಳಿದೆ. ಅವಳು ಬಣ್ಣದ ಚಿತ್ರವನ್ನು ಹತ್ತಿರದಿಂದ ನೋಡಿ, "ಹಾಲಿಗೆ ಹಾಕ್ತಾರಾ ಇವರು? ಬರಿದೇ ಹಿಡ್ಕೊಂಡು ನಿಲ್ತಾರಾ?" ಎಂದು ಕೊಂಕಣಿಯಲ್ಲಿ ಕೇಳಿದಳು. ಪುಟದ ತುದಿಯಲ್ಲಿ ಈ ಚಿತ್ರದ ಬಗ್ಗೆ ನಿಮಗೆ ಏನಾದರೂ ಗೊತ್ತಿದ್ದರೆ ತಿಳಿಸಿ ಎಂಬ ಜಾಗವಿತ್ತು. ನಾನು ಕೂತು ಬರೆದೆ. ನಲವತ್ತು ವರ್ಷದ ಸಿಟ್ಟು, ಒಂದೇ ಉಸಿರಿಗೆ ಬಂತು. ನಿಮ್ಮ ಪ್ರಾಚೀನ ಪದ್ಧತಿ ದೋಹಾದ ಒಂದು ಊಟದ ಮೇಜಿನ ಮೇಲೆ ಹುಟ್ಟಿದ್ದು, ಅದು ನಮ್ಮ ಹಬ್ಬ, ನಿಮ್ಮದಲ್ಲ, ಈ ವಾಕ್ಯ ಹಾಲ್ಡನ್ ಬರೆದದ್ದಲ್ಲ, ನಿಮ್ಮ ಕೌಂಟಿಯ ಪ್ರತಿ ಚಿತ್ರಕ್ಕೂ ಶುಕ್ರವಾರಗಳನ್ನು ಸುರಿದ ಗ್ರೆಗರಿ ಎಂಬ ನನ್ನ ತಂದೆಯದ್ದು, ನಾಯಿಯ ಹೆಸರು ಹಾಕಿದಿರಿ, ಅವರದ್ದು ಹಾಕಲಿಲ್ಲ, ಈಗಲಾದರೂ ಹಾಕಿ. ಕೆಳಗೆ ನನ್ನ ಪೂರ್ತಿ ಹೆಸರು. ಕಳಿಸುವ ಮುಂಚೆ ಮಮ್ಮಿಗೆ ಒಂದೊಂದೇ ಸಾಲನ್ನು ಕೊಂಕಣಿಯಲ್ಲಿ ಹೇಳಿದೆ. ಅವಳ ಕಣ್ಣು ತುಂಬುತ್ತದೆಂದು ಕಾದೆ. ಅವಳು ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

"ಎಲ್ಲ ಬರ್ದಿದ್ದಿ," ಎಂದಳು. "ಪಪ್ಪನ ಹೆಸರು ಬರ್ದಿದ್ದಿ. ಆ ಹಾಲ್ಡನ್‌ನ ಹೆಸರು ಬರ್ದಿದ್ದಿ. ಕೆಳಗೆ ನಿನ್ನದೂ ಹಾಕಿದ್ದಿ. ಮೊಂತಿ ಹಬ್ಬ ಅಂತ ಹೇಳಿದ್ದು ಯಾರು?"

ಇಷ್ಟು ವರ್ಷಗಳ ಮೇಲೆ, ಅವಳು ಅದನ್ನು ಕನ್ನಡದಲ್ಲಿ ಕೇಳಿದಳು.